ಕುಂಬಳದ ಹೋಳು ಕೆಂಪಾಗುವುದೇಕೆ?

ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ನವೆಂಬರ್ ತಿಂಗಳ ನಾಲ್ಕನೆಯ ಗುರುವಾರ ‘ಥ್ಯಾಂಕ್ಸ್‌ಗಿವಿಂಗ್’ ಹಬ್ಬ. ಅಂದು ನೆರೆದ ಅತಿಥಿಗಳಿಗೆ ಊಟಕ್ಕೆ ಮುನ್ನ ಕೊಡುವ ತಿನಿಸುಗಳಲ್ಲಿ ಹುರಿದ ‘ಬಟರ್‌ನಟ್’ ಕುಂಬಳವೂ ಒಂದು. ಇದು ನಮ್ಮ ಸಿಹಿಗುಂಬಳದ ಹತ್ತಿರದ ಬಂಧು.

ಮಾಡುವ ಬಗೆ ಸುಲಭ. ಸಿಪ್ಪೆ ತೆಗೆದು, ಅಂಗುಲ ಗಾತ್ರದ ಹೋಳುಗಳನ್ನಾಗಿ ಹೆಚ್ಚಿ, ಎಣ್ಣೆ, ಉಪ್ಪು, ಮೆಣಸಿನ ಪುಡಿ ಸವರಿ, ಸುಮಾರು 200 ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಯ ಓವನ್ನಿನಲ್ಲಿ ಅರ್ಧ ಗಂಟೆ ಇಟ್ಟರಾಯಿತು. ಒಂದೊಂದು ಹೋಳಿಗೂ ಕಡ್ಡಿ ಚುಚ್ಚಿ ಬಡಿಸುವರು.

ಅದೇ ಹೋಳನ್ನು ನಾವು ನೀರಿನಲ್ಲಿ ಬೇಯಿಸಿದರೆ ಮೆತ್ತಗಾಗುವುದೇ ಹೊರತು ಕೆಂಪಾಗದು. ಕಾರಣವೇನು? ತೆರೆದ ಪಾತ್ರೆಯಲ್ಲಿ ಕುದಿಯುವ ನೀರಿನ ಉಷ್ಣತೆ ಸುಮಾರು 100 ಡಿಗ್ರಿಯಲ್ಲೇ ನಿಲ್ಲುವುದು. ಓವನ್ನಿನಲ್ಲಾದರೋ ಹೋಳಿನ ಮೈ ಒಣಗಿ, ಅದರ ಉಷ್ಣತೆ ಇನ್ನೂ ಏರುವುದು. ಸುಮಾರು 140 ಡಿಗ್ರಿ ದಾಟಿದಾಗ ಸಕ್ಕರೆಗಳೂ ಅಮೈನೋ ಆಮ್ಲಗಳೂ ಬೇಗಬೇಗನೆ ಸಂಯೋಗಹೊಂದಿ ಕಂದು ಬಣ್ಣವನ್ನೂ ಘಮವನ್ನೂ ಹುಟ್ಟಿಸುವುವು. ಫ್ರಾನ್ಸಿನ ಲೂಯಿ ಕಮೀಲ್ ಮೈಯಾರ್ 1912ರಲ್ಲಿ ವರ್ಣಿಸಿದ ರಾಸಾಯನಿಕ ಕ್ರಿಯೆ ಇದೇ.

ಆದುದರಿಂದ ತಟ್ಟೆಯಲ್ಲಿ ಹೋಳುಗಳನ್ನು ಒತ್ತೊತ್ತಾಗಿ ತುಂಬಬಾರದು. ತುಂಬಿದರೆ ಆವಿ ನಡುವೆ ಸಿಕ್ಕಿಕೊಂಡು, ಹುರಿಯಬೇಕಾದುದು ಬರಿದೆ ಬೆಂದುಹೋಗುವುದು. ಅತಿಥಿಗಳು ಹೆಚ್ಚಿದರೆ ಎರಡು ತಟ್ಟೆಗಳನ್ನು ಬಳಸುವುದೇ ಲೇಸು.