ನಗರದ ಹೆಸರು, ಹಳ್ಳಿಯ ಕೈಕೆಲಸ: ಮಕ್ಕಳ ನೆನಪಿನ ಕಾಣಿಕೆಗಳ ವ್ಯಾಪಾರದಲ್ಲಿ ತೆರಿಗೆ ಮತ್ತು ಲೆಕ್ಕಪತ್ರ

ಕಡೂರು ತಾಲ್ಲೂಕಿನ ಪಂಚನಹಳ್ಳಿಯಂತಹ ಹೋಬಳಿ ಕೇಂದ್ರದಿಂದ ಶಾಲಾ ಪ್ರವಾಸಕ್ಕೆಂದು ಬೆಂಗಳೂರಿಗೆ ಹೋಗಿ ಹಿಂದಿರುಗುವ ಮಗುವಿನ ಚೀಲದಲ್ಲಿ ವಿಧಾನಸೌಧದ ಚಿತ್ರವುಳ್ಳ ಒಂದು ಕೀಲಿ ಗೊಂಚಲು, ಇಲ್ಲವೇ ಹಸಿರು ಹಳದಿ ಬಣ್ಣದ ಒಂದು ಪುಟ್ಟ ಆಟೋರಿಕ್ಷಾ ಇದ್ದೇ ಇರುತ್ತದೆ. ಬೆಂಗಳೂರಿನಲ್ಲೇ ವಾಸಿಸುವ ಮಧ್ಯಮ ವರ್ಗದ ಕುಟುಂಬಗಳೂ ಈಗ ಇಂತಹ ವಸ್ತುಗಳಿಗೆ ಹಣ ತೆರುತ್ತಿವೆ. ಲಾಲ್‌ಬಾಗಿನ ಗಾಜಿನ ಮನೆ, ಕೆಂಪೇಗೌಡ ಗೋಪುರ, ನಮ್ಮ ಮೆಟ್ರೋ ರೈಲು ಇವುಗಳನ್ನು ಮರದ ತುಂಡುಗಳಿಂದಲೋ ಕತ್ತರಿಸಿದ ರಟ್ಟಿನಿಂದಲೋ ಜೋಡಿಸಿ ಕಲಿಯುವ ಪೆಟ್ಟಿಗೆಗಳು, ನಗರದ ನಕ್ಷೆಯ ಒಗಟುಗಳು, ರಜೆಯ ದಿನಗಳ ಕರಕುಶಲ ಶಿಬಿರಗಳು ಇವೆಲ್ಲವೂ ಸೇರಿ ಒಂದು ಪ್ರತ್ಯೇಕ ವ್ಯಾಪಾರವಾಗಿ ರೂಪುಗೊಂಡಿವೆ. ಈ ವಸ್ತುಗಳ ಮೇಲೆ ನಗರದ ಹೆಸರಿದ್ದರೂ ತಯಾರಿಕೆ ನಗರದಲ್ಲಿ ನಡೆಯಬೇಕೆಂಬ ನಿರ್ಬಂಧವೇನೂ ಇಲ್ಲ. ಸಣ್ಣ ಊರಿನ ಉದ್ದಿಮೆದಾರನಿಗೆ ಇರುವ ಅವಕಾಶವೂ ಅವನು ಎಡವುವ ಸ್ಥಳವೂ ಇದೇ ಆಗಿದೆ.

ಇದಕ್ಕೆ ಅತ್ಯುತ್ತಮ ಉದಾಹರಣೆ ಚನ್ನಪಟ್ಟಣ. ಬೆಂಗಳೂರಿನಿಂದ ಮೈಸೂರಿನ ದಾರಿಯಲ್ಲಿ ಸುಮಾರು 60 ಕಿ.ಮೀ. ದೂರದಲ್ಲಿರುವ ಈ ಪಟ್ಟಣದ ಬೊಂಬೆಗಳೇ ದೀರ್ಘಕಾಲದಿಂದ ರಾಜಧಾನಿಯ ನೆನಪಿನ ಕಾಣಿಕೆಗಳಾಗಿವೆ. ಹಾಲೆ ಮರವನ್ನು ಚೆನ್ನಾಗಿ ಒಣಗಿಸಿ, ಕಟರ್ನೆ ಯಂತ್ರಕ್ಕೆ ಏರಿಸಿ ಆಕಾರ ಕೊಟ್ಟು, ತಿರುಗುತ್ತಿರುವ ಮರಕ್ಕೆ ಬಣ್ಣ ಬೆರೆತ ಅರಗಿನ ಕಡ್ಡಿಯನ್ನು ಒತ್ತಿದಾಗ ಘರ್ಷಣೆಯ ಶಾಖಕ್ಕೆ ಅರಗು ಕರಗಿ ಮರಕ್ಕೆ ಅಂಟುತ್ತದೆ. ಬಳಿಕ ಕೇದಗೆಯ ಗರಿಯಿಂದ ಉಜ್ಜಿ ಹೊಳಪು ತರಲಾಗುತ್ತದೆ. ಮಗು ಬಾಯಿಗಿಟ್ಟರೂ ಭಯಪಡಬೇಕಾಗಿಲ್ಲವೆಂಬುದೇ ಇದರ ದೊಡ್ಡ ಮಾರಾಟಗುಣ. 2015ರ ಗಣರಾಜ್ಯೋತ್ಸವದ ಪಥಸಂಚಲನದಲ್ಲಿ ಕರ್ನಾಟಕದ ಸ್ತಬ್ಧಚಿತ್ರದ ವಸ್ತು ಚನ್ನಪಟ್ಟಣದ ಬೊಂಬೆಗಳೇ ಆಗಿದ್ದವು. ಆ ಪಟ್ಟಣವಿರುವ ರಾಮನಗರ ಜಿಲ್ಲೆಯೇ 2025ರಲ್ಲಿ ಬೆಂಗಳೂರು ದಕ್ಷಿಣ ಜಿಲ್ಲೆಯಾಯಿತು. ಮಾರುಕಟ್ಟೆಯಲ್ಲಿ ಬೊಂಬೆ ಎಂದೋ ಧರಿಸಿದ್ದ ಹೆಸರನ್ನು ಜಿಲ್ಲೆ ತಡವಾಗಿ ಧರಿಸಿತೆನ್ನಬಹುದು.

ನಗರದ ಗುರುತನ್ನು ಚಿಕ್ಕ ಪ್ರತಿಕೃತಿಯಾಗಿ ಮಾರುವ ಪದ್ಧತಿ ಹೊಸದೇನಲ್ಲ. ನ್ಯೂಯಾರ್ಕಿನ ಸ್ವಾತಂತ್ರ್ಯ ದೇವತೆಯ ಪ್ರತಿಮೆಗೆ ಪೀಠ ಕಟ್ಟಲು ಹಣ ಸಾಲದೇ ಹೋದಾಗ, ಅಮೆರಿಕದ ಸಮಿತಿಯು 1885ರ ಸುಮಾರಿನಲ್ಲಿ ಆರು ಅಂಗುಲದ ಪ್ರತಿಕೃತಿಯನ್ನು 1 ಡಾಲರಿಗೂ ಹನ್ನೆರಡು ಅಂಗುಲದ್ದನ್ನು 5 ಡಾಲರಿಗೂ ಮಾರಿತು. ಎತ್ತರ ಎರಡರಷ್ಟಾದರೆ ಬೆಲೆ ಐದರಷ್ಟು. ಕೊಳ್ಳುವವನು ತೆರುವುದು ಲೋಹದ ತೂಕಕ್ಕಲ್ಲವೆಂಬುದನ್ನು ಆ ಸಮಿತಿ ಅರಿತಿತ್ತು.

ಹಾಗಾದರೆ ನಗರದ ಹೆಸರಿನಿಂದ ಬರುವ ಈ ಹೆಚ್ಚಿನ ಬೆಲೆ ಯಾರಿಗೆ ಸೇರುತ್ತದೆ? ಮೊದಲಿಗೆ ಕಾನೂನಿನ ರಕ್ಷಣೆ ಯಾವುದಕ್ಕಿದೆ ಎಂಬುದನ್ನು ನೋಡಬೇಕು. 1999ರ ಭೌಗೋಳಿಕ ಸೂಚಕಗಳ ಕಾಯ್ದೆಯ ಅಡಿಯಲ್ಲಿ ಚನ್ನಪಟ್ಟಣದ ಆಟಿಕೆ ಮತ್ತು ಬೊಂಬೆಗಳು 2005-06ರಲ್ಲಿ ನೋಂದಣಿಯಾದವು. ಈ ಕಾಯ್ದೆ ರಕ್ಷಿಸುವುದು ವಸ್ತು ತಯಾರಾದ ಸ್ಥಳದ ಹೆಸರನ್ನೇ ಹೊರತು ವಸ್ತುವಿನ ಮೇಲೆ ಚಿತ್ರಿತವಾದ ಸ್ಥಳದ ಹೆಸರನ್ನಲ್ಲ. ಹೊರಗಿನವನೊಬ್ಬ ತನ್ನ ಸರಕನ್ನು ಚನ್ನಪಟ್ಟಣದ್ದೆಂದು ಮಾರಿದರೆ ಅದು ಅಪರಾಧ. ಎಲ್ಲಿಯೋ ಅಚ್ಚು ಹಾಕಿದ ಪ್ಲಾಸ್ಟಿಕ್ ಆಟೋರಿಕ್ಷಾದ ಮೇಲೆ 'ಬೆಂಗಳೂರು' ಎಂದು ಬರೆದು ಮಾರಿದರೆ ಈ ಕಾಯ್ದೆಯಡಿ ಪ್ರಶ್ನಿಸುವವರಿಲ್ಲ. ಅಂದರೆ ನಗರದ ವಿಷಯವಸ್ತು ಎಲ್ಲರಿಗೂ ತೆರೆದ ಬಯಲು. ಇನ್ನೊಂದು ಅಂಶವನ್ನೂ ಗಮನಿಸಬೇಕು. ಸೂಚಕದ ನೋಂದಣಿಯಾದ ಮಾತ್ರಕ್ಕೆ ಊರಿನ ಪ್ರತಿಯೊಬ್ಬ ಕುಶಲಕರ್ಮಿಗೂ ಅದರ ಪ್ರಯೋಜನ ತಾನಾಗಿ ದೊರೆಯುವುದಿಲ್ಲ. ಆತ ಅಧಿಕೃತ ಬಳಕೆದಾರನೆಂದು ಪ್ರತ್ಯೇಕವಾಗಿ ಹೆಸರು ದಾಖಲಿಸಿಕೊಳ್ಳಬೇಕು. ಈ ಒಂದು ಅರ್ಜಿಯನ್ನು ಸಲ್ಲಿಸದೇ ಇರುವುದರ ಬೆಲೆ ಮುಂದೆ ಬರುವ ವಿವರಣೆಯಿಂದ ತಿಳಿಯುತ್ತದೆ.

ಬಯಲು ತೆರೆದಿದ್ದರೂ ಅಲ್ಲಲ್ಲಿ ಬೇಲಿಗಳಿವೆ. ರಾಜ್ಯ ಸರ್ಕಾರದ ಲಾಂಛನವನ್ನು ಅನುಮತಿಯಿಲ್ಲದೆ ವ್ಯಾಪಾರಕ್ಕೆ ಬಳಸುವುದನ್ನು 1950ರ ಲಾಂಛನಗಳು ಮತ್ತು ಹೆಸರುಗಳ ಕಾಯ್ದೆ ನಿಷೇಧಿಸುತ್ತದೆ. ಸಾರಿಗೆ ಸಂಸ್ಥೆಗಳ ಅಥವಾ ಮೆಟ್ರೋ ನಿಗಮದ ಗುರುತುಚಿಹ್ನೆಯನ್ನು ಬೊಂಬೆಯ ಮೇಲೆ ಹಾಗೆಯೇ ಅಚ್ಚೊತ್ತುವುದೂ ಕ್ಷೇಮವಲ್ಲ. ಕೆಂಪು ಬಸ್ಸು, ನೇರಳೆ ರೈಲು ಎಂಬಷ್ಟಕ್ಕೆ ನಿಲ್ಲಿಸಿದರೆ ಮಗುವಿಗೆ ಗುರುತು ಸಿಗುತ್ತದೆ, ತಯಾರಕನಿಗೆ ನೋಟಿಸು ಬರುವುದಿಲ್ಲ.

ಆಟಿಕೆಯೋ, ಅಲಂಕಾರದ ವಸ್ತುವೋ?

ಈ ಪ್ರಶ್ನೆ ಬಾಲಿಶವೆಂದು ತೋರಬಹುದು. ಆದರೆ ಇಡೀ ವ್ಯಾಪಾರದಲ್ಲಿ ಇದಕ್ಕಿಂತ ದುಬಾರಿಯಾದ ಪ್ರಶ್ನೆ ಇನ್ನೊಂದಿಲ್ಲ. 2020ರ ಆಟಿಕೆಗಳ ಗುಣಮಟ್ಟ ನಿಯಂತ್ರಣ ಆದೇಶವು 2021ರ ಜನವರಿ 1ರಿಂದ ಜಾರಿಯಲ್ಲಿದೆ. 14 ವರ್ಷದೊಳಗಿನ ಮಕ್ಕಳು ಆಡಲು ಉದ್ದೇಶಿಸಿದ ಯಾವುದೇ ವಸ್ತುವಿಗೆ ಭಾರತೀಯ ಮಾನಕ ಬ್ಯೂರೋದ ಪರವಾನಗಿ ಮತ್ತು ಐಎಸ್‌ಐ ಗುರುತು ಕಡ್ಡಾಯ. ಅದೇ ಮರದ ಆಟೋರಿಕ್ಷಾ ಕಚೇರಿಯ ಮೇಜಿನ ಮೇಲೆ ಕೂರುವ ಅಲಂಕಾರದ ವಸ್ತುವಾದರೆ ಆದೇಶ ಅನ್ವಯಿಸದು. ಕೆಲವರು ಚಕ್ರ ಉರುಳುವ, ಹಗ್ಗ ಕಟ್ಟಿ ಎಳೆಯುವ ಬೊಂಬೆಗೂ 'ಪ್ರದರ್ಶನದ ವಸ್ತು' ಎಂಬ ಚೀಟಿ ಅಂಟಿಸಿ ಪಾರಾಗಲು ನೋಡುವುದುಂಟು. ಮಕ್ಕಳ ವಿಭಾಗದಲ್ಲಿಟ್ಟು ಮಕ್ಕಳಿಗೇ ಮಾರುವ ಸರಕಿಗೆ ಅಂತಹ ಚೀಟಿ ರಕ್ಷಣೆಯಾಗಲಾರದು.

ಆದೇಶದಲ್ಲಿಯೇ ಎರಡು ವಿನಾಯಿತಿಗಳಿವೆ. ಕೇಂದ್ರದ ಕರಕುಶಲ ಅಭಿವೃದ್ಧಿ ಆಯುಕ್ತರಲ್ಲಿ ನೋಂದಾಯಿತನಾದ ಕುಶಲಕರ್ಮಿ ತಾನೇ ತಯಾರಿಸಿ ಮಾರುವ ಸರಕು ಮೊದಲನೆಯದು. ಭೌಗೋಳಿಕ ಸೂಚಕದ ನೋಂದಾಯಿತ ಮಾಲೀಕ ಮತ್ತು ಅಧಿಕೃತ ಬಳಕೆದಾರನ ಸರಕು ಎರಡನೆಯದು. ಚನ್ನಪಟ್ಟಣದವನಿಗೆ ಎರಡೂ ಬಾಗಿಲು ತೆರೆದಿವೆ. ಪಂಚನಹಳ್ಳಿಯ ಬಡಗಿ ಅಷ್ಟೇ ಅಚ್ಚುಕಟ್ಟಾಗಿ ಕೆಲಸ ಮಾಡಿದರೂ ಅವನಿಗಿರುವುದು ಮೊದಲನೆಯ ಬಾಗಿಲು ಮಾತ್ರ. ಕುಶಲಕರ್ಮಿಯ ಗುರುತಿನ ಚೀಟಿ ಇಲ್ಲದಿದ್ದಲ್ಲಿ, ಪ್ರಯೋಗಾಲಯ ಪರೀಕ್ಷೆ ಮತ್ತು ಪರವಾನಗಿಯ ವೆಚ್ಚವನ್ನು ವರ್ಷಕ್ಕೆ ಕೆಲವು ನೂರು ಬೊಂಬೆ ಮಾಡುವವನು ಹೊರಲಾರ.

ಆಮದಿನ ಪೈಪೋಟಿ ಮಾತ್ರ ಮೊದಲಿನಂತಿಲ್ಲ. ಆಟಿಕೆಗಳ ಮೇಲಿನ ಸೀಮಾಸುಂಕ 2020ರಲ್ಲಿ ಶೇ. 20ರಿಂದ 60ಕ್ಕೂ 2023ರಲ್ಲಿ ಶೇ. 70ಕ್ಕೂ ಏರಿತು.

ಜಿಎಸ್‌ಟಿ ಎಷ್ಟು, ಯಾರ ಮೇಲೆ?

2025ರ ಸೆಪ್ಟೆಂಬರ್ 22ರಿಂದ ವಿದ್ಯುನ್ಮಾನವಲ್ಲದ ಆಟಿಕೆಗಳ ಮೇಲಿನ ದರ ಶೇ. 12ರಿಂದ ಶೇ. 5ಕ್ಕೆ ಇಳಿದಿದೆ. ಪೆನ್ಸಿಲು, ಬಣ್ಣದ ಕ್ರೇಯಾನುಗಳಿಗೆ ತೆರಿಗೆಯೇ ಇಲ್ಲ. ಮಕ್ಕಳ ಚಿತ್ರಪುಸ್ತಕ, ಬಣ್ಣ ತುಂಬುವ ಪುಸ್ತಕಗಳಿಗೆ ಮೊದಲಿನಿಂದಲೂ ಇಲ್ಲ. ತೊಡಕು ಹುಟ್ಟುವುದು ಇವೆಲ್ಲವನ್ನೂ ಒಂದೇ ಪೆಟ್ಟಿಗೆಯಲ್ಲಿಟ್ಟು ಒಂದೇ ಬೆಲೆಗೆ ಮಾರಿದಾಗ. 'ನಿಮ್ಮ ಬೆಂಗಳೂರನ್ನು ನೀವೇ ಕಟ್ಟಿರಿ' ಎಂಬ ಬಗೆಯ ಪೆಟ್ಟಿಗೆಯಲ್ಲಿ ಮರದ ತುಂಡು, ಪುಸ್ತಕ, ಕ್ರೇಯಾನು ಮತ್ತು ಶೇ. 18 ದರದ ಒಂದು ಅಂಟಿನ ನಳಿಗೆ ಇವೆಯೆಂದು ಭಾವಿಸೋಣ. ಇದು ಬಿಡಿ ವಸ್ತುಗಳ ಮಿಶ್ರ ಪೂರೈಕೆಯೆಂದು ತೀರ್ಮಾನವಾದರೆ ಅತ್ಯಧಿಕ ದರವೇ ಇಡೀ ಪೆಟ್ಟಿಗೆಗೆ ತಗಲುತ್ತದೆ. ಐದು ರೂಪಾಯಿಯ ಅಂಟು ಐದು ನೂರರ ಪೆಟ್ಟಿಗೆಯನ್ನು ಶೇ. 18ಕ್ಕೆ ಎಳೆದೊಯ್ಯುತ್ತದೆ. ಪೆಟ್ಟಿಗೆಯ ಮುಖ್ಯ ಸ್ವರೂಪ ಆಟಿಕೆಯದ್ದೇ ಆಗಿದ್ದಲ್ಲಿ ಸುಂಕಪಟ್ಟಿಯ 95ನೇ ಅಧ್ಯಾಯದ ಟಿಪ್ಪಣಿ ತಯಾರಕನ ನೆರವಿಗೆ ಬರುತ್ತದೆ. ಆದರೂ ಅಂಟನ್ನು ಕೈಬಿಟ್ಟು, ಒಂದಕ್ಕೊಂದು ಸಿಕ್ಕಿಸುವಂತೆ ತುಂಡುಗಳನ್ನು ವಿನ್ಯಾಸಗೊಳಿಸುವುದು ವಾದ ಮಾಡುವುದಕ್ಕಿಂತ ಅಗ್ಗ.

ಕಲಿಕಾ ಶಿಬಿರಗಳ ವಿಷಯ ಬೇರೆ. ಕಲೆ ಮತ್ತು ಸಂಸ್ಕೃತಿಗೆ ಸಂಬಂಧಿಸಿದ ಮನರಂಜನಾತ್ಮಕ ತರಬೇತಿಯನ್ನು ಒಬ್ಬ ವ್ಯಕ್ತಿ ತಾನಾಗಿ ನೀಡಿದರೆ ವಿನಾಯಿತಿ ಇದೆ. 2022ರ ಜುಲೈ 18ರಿಂದ ಈ ವಿನಾಯಿತಿ ವ್ಯಕ್ತಿಗಳಿಗಷ್ಟೇ ಸೀಮಿತ. ಅದೇ ಶಿಬಿರವನ್ನು ಪಾಲುದಾರಿಕೆ ಸಂಸ್ಥೆಯೋ ಕಂಪನಿಯೋ ನಡೆಸಿ ಶುಲ್ಕ ವಸೂಲು ಮಾಡಿದಲ್ಲಿ ಶೇ. 18 ತೆರಿಗೆಗೆ ಸಿದ್ಧವಾಗಿರಬೇಕು.

ನೋಂದಣಿಯ ವಿಷಯದಲ್ಲಿ ಸಣ್ಣ ತಯಾರಕರಲ್ಲಿ ಗೊಂದಲ ಹೆಚ್ಚು. ಕೇವಲ ಸರಕು ಮಾರುವವನಿಗೆ ಕರ್ನಾಟಕದಲ್ಲಿ ವಾರ್ಷಿಕ 40 ಲಕ್ಷ ರೂ. ವಹಿವಾಟಿನವರೆಗೆ ನೋಂದಣಿ ಬೇಕಿಲ್ಲ. ಹೊರರಾಜ್ಯಕ್ಕೆ ಮಾರಿದರೆ ಸಾಮಾನ್ಯವಾಗಿ ಮೊದಲ ರೂಪಾಯಿಯಿಂದಲೇ ನೋಂದಣಿ ಬೇಕು. ಆದರೆ ಅಧಿಸೂಚಿತ ಕರಕುಶಲ ವಸ್ತುಗಳಿಗೆ ಪ್ಯಾನ್ ಮತ್ತು ಇ-ವೇ ಬಿಲ್ಲಿನ ಷರತ್ತಿನ ಮೇಲೆ 20 ಲಕ್ಷದವರೆಗೆ ರಿಯಾಯಿತಿ ಇದೆ. ಅಂತರಜಾಲ ಮಳಿಗೆಗಳ ಮೂಲಕ ಮಾರುವವರಿಗೆ 2023ರ ಅಕ್ಟೋಬರ್ 1ರವರೆಗೆ ನೋಂದಣಿ ತಪ್ಪದಾಗಿತ್ತು. ಆ ದಿನದಿಂದ ನೋಂದಣಿ ಇಲ್ಲದವನೂ ಮಾರಬಹುದು, ಆದರೆ ತನ್ನ ರಾಜ್ಯದೊಳಗೆ ಮಾತ್ರ. ಪಂಚನಹಳ್ಳಿಯಿಂದ ಬೆಂಗಳೂರಿನ ಗಿರಾಕಿಗೆ ಅಂತರಜಾಲ ಮಳಿಗೆಯ ಮೂಲಕ ಕಳಿಸಲು ಅಡ್ಡಿಯಿಲ್ಲ. ಹೈದರಾಬಾದಿಗೆ ಒಂದೇ ಒಂದು ಪೆಟ್ಟಿಗೆ ಹೋದರೂ ಈ ಸೌಲಭ್ಯ ಕೈತಪ್ಪುತ್ತದೆ.

ನೂರು ಬೊಂಬೆಗಳ ಲೆಕ್ಕ

ತೆರಿಗೆಗಿಂತಲೂ ಕುಶಲಕರ್ಮಿಯನ್ನು ಬಾಧಿಸುವುದು ಮಳಿಗೆಯೊಂದಿಗಿನ ಒಪ್ಪಂದ. ಕಾಲ್ಪನಿಕವಾದ ಒಂದು ಲೆಕ್ಕವನ್ನು ಪರಿಶೀಲಿಸಬಹುದು. ಮರದ ಆಟೋರಿಕ್ಷಾ ಒಂದರ ಗರಿಷ್ಠ ಮಾರಾಟ ಬೆಲೆ 525 ರೂ.; ಇದರಲ್ಲಿ ತೆರಿಗೆ 25, ಮೌಲ್ಯ 500. ನಗರದ ಮಳಿಗೆ ಶೇ. 45ರಷ್ಟು, ಅಂದರೆ 225 ರೂ. ಇಟ್ಟುಕೊಂಡರೆ ತಯಾರಕನಿಗೆ 275. ಮರ ಮತ್ತು ಅರಗು 60, ಕೂಲಿ 95, ಪೆಟ್ಟಿಗೆ 25, ವಿನ್ಯಾಸ 15, ಸಾಗಣೆ 10, ಒಟ್ಟು 205 ರೂ. ವೆಚ್ಚ. ಬೊಂಬೆಗೆ 70 ರೂ. ಲಾಭವೆಂದು ಬಹುತೇಕರು ಇಲ್ಲಿಗೇ ಲೆಕ್ಕ ಮುಗಿಸುತ್ತಾರೆ.

ನೂರು ಬೊಂಬೆಗಳಿಗೆ ವೆಚ್ಚ 20,500. ಕಟರ್ನೆಯಲ್ಲಿ ಸೀಳಿ ಹೋಗುವವು ನೂರಕ್ಕೆ ಐದೆಂದರೆ 1,025. ಹಣ ಕೈಸೇರಲು ಆರು ತಿಂಗಳಾದರೆ ಶೇ. 12ರ ಬಡ್ಡಿಯಲ್ಲಿ 1,230. ಒಟ್ಟು 22,755. ನೂರೂ ಮಾರಾಟವಾದರೆ 27,500 ಬಂದು 4,745 ಉಳಿಯುತ್ತದೆ. ಆದರೆ ಈ ವ್ಯಾಪಾರದಲ್ಲಿ 'ಮಾರಿದರೆ ಹಣ, ಇಲ್ಲವಾದರೆ ವಾಪಸು' ಎಂಬ ಕರಾರೇ ಹೆಚ್ಚು. ಇಪ್ಪತ್ತು ಬೊಂಬೆಗಳು ಮಾಸಿದ ಪೆಟ್ಟಿಗೆಯೊಡನೆ ಹಿಂದಿರುಗಿದಲ್ಲಿ ಬಂದದ್ದು 22,000; 755 ರೂ. ನಷ್ಟ. ಅತ್ತ ಮಳಿಗೆ ಎಂಬತ್ತು ಬೊಂಬೆಗಳಿಂದ 18,000 ರೂ. ಗಳಿಸಿದೆ, ಅದೂ ತನ್ನ ಬಂಡವಾಳ ಹೂಡದೆ. ಬಾಡಿಗೆ, ಸಂಬಳಗಳ ಭಾರ ಮಳಿಗೆಗೂ ಇದೆ ಎಂಬುದು ನಿಜ. ಆದರೆ ಮಾರಾಟವಾಗದ ಸರಕಿನ ಸಂಪೂರ್ಣ ಅಪಾಯವನ್ನು ಅತಿ ಕಡಿಮೆ ಬಂಡವಾಳವುಳ್ಳವನು ಹೊರುವುದು ಯಾವ ಲೆಕ್ಕಶಾಸ್ತ್ರಕ್ಕೂ ಒಪ್ಪುವ ಮಾತಲ್ಲ.

ಈ ಕರಾರಿನ ಇನ್ನೊಂದು ಪರಿಣಾಮವೂ ಉಂಟು. 2006ರ ಅತಿಸಣ್ಣ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ ಕಾಯ್ದೆಯ ಪ್ರಕಾರ ಲಿಖಿತ ಒಪ್ಪಂದವಿಲ್ಲದಿದ್ದರೆ 15 ದಿನಗಳಲ್ಲಿ, ಇದ್ದರೂ 45 ದಿನಗಳೊಳಗೆ ಖರೀದಿದಾರ ಹಣ ಪಾವತಿಸಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಇದಕ್ಕೆ ಉದ್ಯಮ್ ನೋಂದಣಿ ಇರಬೇಕು, ಅದು ಉಚಿತ. ಅತಿಸಣ್ಣ ಮತ್ತು ಸಣ್ಣ ತಯಾರಕರಿಗೆ ಈ ಅವಧಿಯಲ್ಲಿ ಹಣ ನೀಡದ ವರ್ತಕನಿಗೆ ಆ ವೆಚ್ಚ ಪಾವತಿಯಾದ ವರ್ಷದಲ್ಲಷ್ಟೇ ಕಡಿತಕ್ಕೆ ದೊರೆಯುವ ನಿಯಮವನ್ನು 2023ರ ಹಣಕಾಸು ಕಾಯ್ದೆ ತಂದಿದ್ದರಿಂದ ಮಳಿಗೆಗಳ ಲೆಕ್ಕಪರಿಶೋಧಕರೂ ಈಗ ಈ ದಿನಗಳನ್ನು ಎಣಿಸುತ್ತಾರೆ. ಆದರೆ 'ವಾಪಸು' ಕರಾರಿನ ಸರಕು ಮಳಿಗೆ ಒಪ್ಪುವವರೆಗೆ ಮಾರಾಟವೇ ಆಗಿರುವುದಿಲ್ಲ. ಆದ್ದರಿಂದ 45 ದಿನಗಳ ಗಡಿಯಾರ ಓಡಲು ಆರಂಭಿಸುವುದೇ ಇಲ್ಲ. ಜಿಎಸ್‌ಟಿಯಲ್ಲಿ ಮಾತ್ರ, ಒಪ್ಪಿಗೆಗೆಂದು ಕಳಿಸಿದ ಸರಕಿಗೆ ಆರು ತಿಂಗಳೊಳಗೆ ಬಿಲ್ಲು ಹಾಕಲೇಬೇಕು. ಹೀಗಾಗಿ ನೋಂದಾಯಿತ ತಯಾರಕನು ಕೈಗೆ ಬಾರದ ಹಣದ ಮೇಲೆ ತೆರಿಗೆ ಕಟ್ಟುವ ಸಂದರ್ಭವೂ ಒದಗಬಹುದು.

ಪರಿಹಾರ ಸರಳ, ಆಚರಣೆ ಕಷ್ಟ: ಮೊದಲ ಕಂತಿಗೆ ನೂರರ ಬದಲು ಮೂವತ್ತು ಬೊಂಬೆಗಳನ್ನು ನೇರ ಮಾರಾಟವಾಗಿ, ಬೇಕಿದ್ದರೆ ಮಳಿಗೆಗೆ ಇನ್ನೂ ಐದು ರೂಪಾಯಿ ಬಿಟ್ಟುಕೊಟ್ಟಾದರೂ, ಬಿಲ್ಲಿನ ಮೇಲೆ ಉದ್ಯಮ್ ಸಂಖ್ಯೆ ನಮೂದಿಸಿ ಕೊಡುವುದು. ಮೇಲಿನ ಲೆಕ್ಕದಲ್ಲಿ ಬೊಂಬೆಯೊಂದಕ್ಕೆ ಆರು ತಿಂಗಳ ಬಡ್ಡಿಯೇ 12 ರೂ. 30 ಪೈಸೆ. 45 ದಿನಗಳಲ್ಲಿ ಹಣ ಬಂದರೆ ಅದು ಸುಮಾರು ಮೂರು ರೂಪಾಯಿಗೆ ಇಳಿಯುವುದರಿಂದ ಐದು ರೂಪಾಯಿಯ ರಿಯಾಯಿತಿಯ ನಂತರವೂ ತಯಾರಕನಿಗೆ ನಾಲ್ಕು ರೂಪಾಯಿ ಉಳಿತಾಯ, ವಾಪಸು ಬರುವ ಭಯವೂ ಇಲ್ಲ.

ಬಂಡವಾಳಕ್ಕೆ 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ ಹದಿನೆಂಟು ಕಸುಬುಗಳಲ್ಲಿ ಸಾಂಪ್ರದಾಯಿಕ ಬೊಂಬೆ ಮತ್ತು ಆಟಿಕೆ ತಯಾರಿಕೆಯೂ ಬಡಗಿ ಕೆಲಸವೂ ಸೇರಿವೆ. ಉಪಕರಣಗಳಿಗೆ 15,000 ರೂ. ನೆರವು, ಶೇ. 5ರ ಬಡ್ಡಿಯಲ್ಲಿ ಮೊದಲು 1 ಲಕ್ಷ, ಅದನ್ನು ತೀರಿಸಿದ ನಂತರ 2 ಲಕ್ಷ ರೂ. ಸಾಲ ಇದರಲ್ಲಿ ಅಡಕವಾಗಿವೆ. ಕಡೂರು, ಅರಸೀಕೆರೆ, ತಿಪಟೂರಿನ ತೆಂಗಿನ ಸೀಮೆಯಲ್ಲಿ ಒಲೆಗೆ ಹೋಗುವ ಕರಟ ಹೇರಳವಾಗಿದೆ. ಕಬ್ಬನ್ ಪಾರ್ಕಿನ ಹಕ್ಕಿಗಳನ್ನೂ ಲಾಲ್‌ಬಾಗಿನ ಗಾಜಿನ ಮನೆಯ ಕಮಾನುಗಳನ್ನೂ ಕರಟದಲ್ಲಿ ಕೆತ್ತಿ ಪೆಟ್ಟಿಗೆಗೆ ತುಂಬಿಸಲು ಬೇಕಾದ ಕೈಗಳು ಪಂಚನಹಳ್ಳಿಯಂತಹ ಊರುಗಳಲ್ಲಿವೆ. ಅಂತಹವರು ಮೊದಲು ಸಲ್ಲಿಸಬೇಕಾದ ಅರ್ಜಿಗಳು ಎರಡು: ಕುಶಲಕರ್ಮಿಯ ಗುರುತಿನ ಚೀಟಿಗೆ ಒಂದು, ಉದ್ಯಮ್ ನೋಂದಣಿಗೆ ಇನ್ನೊಂದು. ಜಿಎಸ್‌ಟಿಯ ಯೋಚನೆ 40 ಲಕ್ಷದ ಹತ್ತಿರ ಬಂದಾಗ, ಇಲ್ಲವೇ ಹೈದರಾಬಾದಿನಿಂದ ಮೊದಲ ಬೇಡಿಕೆ ಬಂದಾಗ ಮಾಡಿದರೆ ಸಾಕು.