ಒಬ್ಬರ ಕಸ, ಇನ್ನೊಬ್ಬರ ಉರುವಲು

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ನಮಗೆ ಹೊಗೆಸೊಪ್ಪು ಬೇಯಿಸೋ ಸೌದೆಯದ್ದೇ ಚಿಂತೆ. ಒಂದು ಕಿಲೋ ಸೊಪ್ಪಿಗೆ ನಾಲ್ಕೈದು ಕಿಲೋ ಸೌದೆ ಬೇಕು. ಅಷ್ಟು ಮರ ಎಲ್ಲಿದೆ?

ಪಕ್ಕದ ನಂಜನಗೂಡು ಕೈಗಾರಿಕಾ ಪ್ರದೇಶ ನೋಡಿ. ಅಲ್ಲಿನ 42 ಕಾರ್ಖಾನೆಗಳ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ವರ್ಷಕ್ಕೆ ಸುಮಾರು 9 ಲಕ್ಷ ಟನ್ ಅಪಾಯಕಾರಿಯಲ್ಲದ ತ್ಯಾಜ್ಯ, ಶೇ. 99.5 ಮತ್ತೆ ಬಳಕೆ! ಹೆಚ್ಚಿನದು ಸಕ್ಕರೆ ಕಾರ್ಖಾನೆಯದು. ಗೇಟು ದಾಟಿದ ಮಾಲಿನಲ್ಲಿ ಶೇ. 90ಕ್ಕೂ ಹೆಚ್ಚು 20 ಕಿ.ಮೀ. ಒಳಗೇ ವಿಲೇವಾರಿ. ಪರಿಸರಸ್ನೇಹಿ ಕೈಗಾರಿಕಾ ಪಾರ್ಕಿನ ಜೀವಾಳ ಈ ಕೊಡುಕೊಳ್ಳುವಿಕೆಯೇ. ಡೆನ್ಮಾರ್ಕಿನ ಕಲುಂಡ್‌ಬೋರ್ಗ್‌ನಲ್ಲಿ ಔಷಧ ಕಾರ್ಖಾನೆಯ ರಾಡಿ ರೈತರ ಹೊಲಕ್ಕೆ ಗೊಬ್ಬರವಾಗಿದೆ.

ನಮ್ಮ ಬ್ಯಾರನ್ನೂ ಒಂದು ಕಾರ್ಖಾನೆಯೇ ಅಲ್ಲವೇ? ಕೊಡಗು ಪಕ್ಕದಲ್ಲೇ ಇದೆ. ನಾನು ಸೌದೆಯ ಜೊತೆ ಕಾಫಿ ಹೊಟ್ಟು ಉರಿಸುತ್ತೇನೆ. ಹೊಟ್ಟು ಗರಿಗರಿ ಒಣಗಿರಬೇಕು. ಒದ್ದೆಯಾದರೆ ಬರೀ ಹೊಗೆ. ಸ್ವಲ್ಪ ಸ್ವಲ್ಪವೇ ಹಾಕಬೇಕು. ಬೂದಿಯಲ್ಲಿ ಪೊಟ್ಯಾಷ್ ಇದೆ, ಬಾಳೆ ಬುಡಕ್ಕೆ ಹಾಕುತ್ತೇನೆ.

ಒಂದು ಎಚ್ಚರಿಕೆ. ಬಿಟ್ಟಿ ಸಿಕ್ಕಿತೆಂದು ಯಾವುದೋ ಕಾರ್ಖಾನೆಯ ರಾಡಿಯನ್ನು ಹೊಲಕ್ಕೆ ಸುರಿಯಬೇಡಿ. ಅದರಲ್ಲೇನಿದೆ ಎಂದು ಪರೀಕ್ಷೆಯಾಗಿರಬೇಕು.

ಹೊಟ್ಟು ಹಗುರ, ಲಾರಿ ಬಾಡಿಗೆಯೇ ಭಾರ. ನಾಲ್ಕಾರು ಬ್ಯಾರನ್‌ನವರು ಸೇರಿ ಒಂದು ಲೋಡು ತರಿಸಿ, ಬಾಡಿಗೆ ಹಂಚಿಕೊಳ್ಳಿ.