ಸಿಂಪಡಣೆಯ ಔಷಧವೂ ಹಳ್ಳದ ನೀರೂ

ಸದಸ್ಯ ಬಾಂಧವರು ಕೀಟನಾಶಕ ಕೊಳ್ಳುವಾಗ ಡಬ್ಬಿಯ ಮೇಲಿನ ತ್ರಿಕೋನವನ್ನು ಗಮನಿಸುವುದುಂಟು. ಕೆಂಪಾದರೆ ಅತಿ ವಿಷ. ನಂತರ ಹಳದಿ, ನೀಲಿ, ಹಸಿರು. ಈ ಬಣ್ಣಗಳನ್ನು ಗೊತ್ತುಮಾಡಿರುವುದು ಔಷಧ ಹೊಟ್ಟೆಗೆ ಹೋದರೆ ಅಥವಾ ಚರ್ಮಕ್ಕೆ ತಗುಲಿದರೆ ಇಲಿ, ಮೊಲಗಳಂಥ ಪ್ರಾಣಿಗಳಿಗೆ ಆಗುವ ಅಪಾಯದ ಮೇಲೆ. ಮೀನು, ಏಡಿಗಳ ಲೆಕ್ಕ ಅದರಲ್ಲಿಲ್ಲ. ಉಣ್ಣೆ ಹೋಗಲೆಂದು ದನದ ಮೈಗೆ ಹಚ್ಚುವ ಸೈಪರ್‌ಮೆಥ್ರಿನ್, ಹಳ್ಳಕ್ಕೆ ಬಿದ್ದರೆ ಅತ್ಯಲ್ಪ ಪ್ರಮಾಣದಲ್ಲೇ ಮೀನು, ಸಿಗಡಿಗಳನ್ನು ಕೊಲ್ಲುತ್ತದೆ.

ಆದುದರಿಂದ ಹಳ್ಳದ ಮಟ್ಟಿಗೆ ಬೇರೆ ಲೆಕ್ಕವೇ ಬೇಕು: ಜಲಚರಗಳಿಗೆ ವಿಷ ಎಷ್ಟು ತೀಕ್ಷ್ಣ, ಅದು ನೀರಿಗೆ ಸೇರುವುದೆಷ್ಟು, ಆಗ ಹಳ್ಳದಲ್ಲಿ ನೀರೆಷ್ಟು.

ಬೋರ್ಡೋ ದ್ರಾವಣವನ್ನೇ ನೋಡೋಣ. 1910ರ ಸುಮಾರಿಗೆ ಮೈಸೂರು ಸಂಸ್ಥಾನದ ವಿಜ್ಞಾನಿ ಡಾ. ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗವನ್ನು ಅಭ್ಯಸಿಸಿ ಇದನ್ನು ಬಳಕೆಗೆ ತಂದರು. ಅದು ಉಳಿಸಿದ ಫಸಲಿಗೆ ಲೆಕ್ಕವಿಲ್ಲ. ಬಿಡಿರೆಂದು ನಾನು ಹೇಳಲಾರೆ. ಆದರೆ ತಾಮ್ರ ಕೊಳೆತು ಹೋಗುವ ವಸ್ತುವಲ್ಲ. ಮಣ್ಣಿನಲ್ಲಿ, ಹಳ್ಳದ ಕೆಸರಿನಲ್ಲಿ ವರ್ಷ ವರ್ಷವೂ ಕೂಡುತ್ತಾ ಹೋಗುತ್ತದೆ. ಗಡಸು ನೀರಿಗಿಂತ ಮೆದು ನೀರಿನಲ್ಲಿ ತಾಮ್ರದ ವಿಷ ಹೆಚ್ಚು. ನಮ್ಮ ಮಲೆನಾಡಿನ ತೊರೆಗಳದು ಸಾಮಾನ್ಯವಾಗಿ ಮೆದು ನೀರು. 100 ಲೀಟರ್ ನೀರಿಗೆ ಮೈಲುತುತ್ತು 1 ಕಿಲೋ, ಒಳ್ಳೆಯ ಸುಣ್ಣ 1 ಕಿಲೋ ಎಂಬ ಪ್ರಮಾಣ ಎಲ್ಲರಿಗೂ ಗೊತ್ತು. ಉಜ್ಜಿದ ಚೂರಿಯನ್ನು ಅದ್ದಿದಾಗ ಕೆಂಪು ಲೇಪ ಹಿಡಿದರೆ ಸುಣ್ಣ ಸಾಲದು, ಕರಗಿದ ತಾಮ್ರ ಉಳಿದಿದೆ ಎಂದರ್ಥ. ಅದು ಗಿಡಕ್ಕೂ ಕೆಟ್ಟದ್ದು, ಹಳ್ಳಕ್ಕೂ ಕೆಟ್ಟದ್ದು.

ಕಾಫಿಯ ಬಿಳಿ ಕಾಂಡಕೊರಕದ ಮಾತು ಬೇರೆ. ಅದರ ದುಂಬಿಗಳು ಹೊರಬರುವುದು ಏಪ್ರಿಲ್-ಮೇನಲ್ಲಿ, ಮತ್ತೆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ. ಸಿಂಪಡಣೆಯೂ ಆಗಲೇ. ಒಂದು ಹಂಗಾಮಿನಲ್ಲಿ ಹಳ್ಳ ಬತ್ತಿರುತ್ತದೆ, ಇನ್ನೊಂದರಲ್ಲಿ ಇಳಿಯುತ್ತಿರುತ್ತದೆ. ವಿಷ ತೆಳುವಾಗಲು ನೀರೇ ಇರುವುದಿಲ್ಲ. ಕ್ಲೋರ್‌ಪೈರಿಫಾಸ್ ಮಣ್ಣಿಗೆ ಅಂಟಿಕೊಳ್ಳುವುದರಿಂದ, ಒಂದು ಜೋರು ಮಳೆಗೆ ಮಣ್ಣು ಕೊಚ್ಚಿಹೋದರೆ ಅದೂ ಜೊತೆಗೆ ಹೋಗುತ್ತದೆ. ಎಂಡೋಸಲ್ಫಾನನ್ನು 2011ರಲ್ಲಿ ಸುಪ್ರೀಂ ಕೋರ್ಟು ನಿಷೇಧಿಸಿತು. ಹಳೆಯ ಡಬ್ಬಿ ಯಾರ ಕೊಟ್ಟಿಗೆಯಲ್ಲಾದರೂ ಉಳಿದಿದ್ದರೆ ಹಳ್ಳಕ್ಕಾಗಲಿ ಗುಂಡಿಗಾಗಲಿ ಸುರಿಯದೆ ಕೃಷಿ ಇಲಾಖೆಗೆ ತಿಳಿಸತಕ್ಕದ್ದು.

ಪಂಪು, ಪೀಪಾಯಿಗಳನ್ನು ಹಳ್ಳದಲ್ಲಿ ತೊಳೆಯುವ ಅಭ್ಯಾಸ ಮಾತ್ರ ಇಂದೇ ನಿಲ್ಲಬೇಕು. ತೊಳೆದ ನೀರನ್ನು ತೋಟದಲ್ಲೇ, ಬಸಿಗಾಲುವೆಯಿಂದ ದೂರ ಚೆಲ್ಲಿ. ಹಳ್ಳದ ದಡದ ಹುಲ್ಲು, ಪೊದೆಗಳನ್ನು ಸವರಬೇಡಿ. ಕೊಚ್ಚಿಬರುವ ಮಣ್ಣನ್ನು ಅವು ತಡೆಯುತ್ತವೆ.

ಹಳ್ಳದ ಸ್ಥಿತಿ ತಿಳಿಯಲು ಪ್ರಯೋಗಾಲಯವೇ ಬೇಕೆಂದಿಲ್ಲ. ತೋಟದ ಮೇಲ್ಗಡೆ ಹತ್ತು ಕಲ್ಲು, ಕೆಳಗಡೆ ಹತ್ತು ಕಲ್ಲು ಎತ್ತಿ ಅಡಿ ನೋಡಿ. ಬಾಲದಲ್ಲಿ ಎರಡು ಮೂರು ಎಳೆಗಳಿರುವ ಚಿಕ್ಕ ಹುಳುಗಳು ಅಂಟಿಕೊಂಡಿರುತ್ತವೆ. ವಿಷಕ್ಕೆ ಮೊದಲು ಸಾಯುವವು ಅವೇ. ಸಿಂಪಡಣೆಗೆ ಮುಂಚೆ ಒಮ್ಮೆ, ನಂತರದ ಮಳೆ ಇಳಿದ ಮೇಲೆ ಒಮ್ಮೆ ಎಣಿಸಿ ಬರೆದಿಡಿ. ಚೀಟಿಯನ್ನು ಸಂಘದ ಕಚೇರಿಗೆ ತಲುಪಿಸಿದರೆ ಎಲ್ಲ ಹಳ್ಳಗಳ ಲೆಕ್ಕವನ್ನೂ ಒಂದೇ ಪುಸ್ತಕದಲ್ಲಿ ಇಡುತ್ತೇವೆ.